ನಾಲಿಗೆ ಕಟ್ಟುವ ಗೋತ್ರ

ಹಿರೇಗುಂಟನೂರಿನ ಸುತ್ತಿನ ಅಡಿಕೆ ತೋಟಗಳಲ್ಲಿ ಕೊಯ್ಲಿನ ಕಾಲ ಬಂದಿತೆಂದರೆ ಬೆಳಕು ಹರಿಯುವ ಮೊದಲೇ ಜನರ ದನಿ ಕೇಳಿಸತೊಡಗುತ್ತದೆ. ಗೊನೆ ಇಳಿಸುವವರು, ಅದನ್ನು ಹೊತ್ತು ತರುವವರು, ಅಂಗಳದಲ್ಲಿ ಕುಳಿತು ಸುಲಿಯುವ ಹೆಂಗಸರು, ಲೆಕ್ಕ ಬರೆದುಕೊಳ್ಳುವವರು, ಹೀಗೆ ಹತ್ತಾರು ಬಗೆಯ ಜನ ಅಲ್ಲಿ ಸೇರುತ್ತಾರೆ. ಅಂತಹ ಒಂದು ಮುಂಜಾನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ತೋಟದ ಒಡೆಯರ ಮಗ, ಹತ್ತು ವರ್ಷದ ಬಾಲಕ, ತನ್ನ ಅಜ್ಜನ ವಯಸ್ಸಿನ ಆಳನ್ನು ಹೆಸರು ಹಿಡಿದು, ಆ ಹೆಸರನ್ನೂ ಅರ್ಧಕ್ಕೆ ಕತ್ತರಿಸಿ, ‘ಏಯ್, ಬಾರೋ ಇಲ್ಲಿ’ ಎಂದು ಕೂಗುತ್ತಾನೆ. ಹೊತ್ತ ಹೊರೆಯನ್ನು ಕೆಳಗಿಳಿಸಿದ ಮುದುಕ ‘ಬಂದೆ ಸ್ವಾಮಿ’ ಎನ್ನುತ್ತಾನೆ. ಒಬ್ಬರೂ ತಲೆಯೆತ್ತಿ ನೋಡುವುದಿಲ್ಲ. ತಪ್ಪಾಯಿತೆಂದು ಹುಡುಗನಿಗೂ ಅನಿಸುವುದಿಲ್ಲ, ಅವನ ತಂದೆಗೂ ಅನಿಸುವುದಿಲ್ಲ. ಎಷ್ಟೋ ವೇಳೆ ಆ ಮುದುಕನಿಗೂ ಅನಿಸುವುದಿಲ್ಲ.

ಯಾರಿಗೂ ಅನಿಸದಿರುವುದೇ ಇಲ್ಲಿ ಯೋಚಿಸಬೇಕಾದ ಸಂಗತಿ. ಹೊಡೆದರೆ ನೋವಾಯಿತೆಂದು ತಿಳಿಯುತ್ತದೆ, ಕೂಲಿ ಹಿಡಿದರೆ ಹೊಟ್ಟೆ ಹೇಳುತ್ತದೆ. ಮಾತಿನಿಂದಾದ ಗಾಯ ಮಾತ್ರ ರೂಢಿಯ ಹೆಸರಿನಲ್ಲಿ ಮುಚ್ಚಿಹೋಗುತ್ತದೆ. ‘ಒಂದು ಕರೆಯಲ್ಲಿ ಏನಿದೆ? ನಮ್ಮ ಕಡೆ ಮಾತೇ ಹೀಗೆ’ ಎಂದು ಹೇಳುವವರಿದ್ದಾರೆ. ಆದರೆ ಜೈನ ಧರ್ಮವು ಮಾತನ್ನು ಅಷ್ಟು ಹಗುರವಾಗಿ ಎಂದೂ ಕಂಡಿಲ್ಲ. ಒಬ್ಬನು ಉಚ್ಚನೋ ನೀಚನೋ ಎಂಬ ಪ್ರಶ್ನೆಯನ್ನು ಅದು ಬೇರೆಲ್ಲಕ್ಕಿಂತ ಹೆಚ್ಚಾಗಿ ನಾಲಿಗೆಯೊಡನೆಯೇ ಗಂಟು ಹಾಕಿದೆ.

ಜೈನ ಗೃಹಸ್ಥನ ಮನೆಯ ಎಚ್ಚರಿಕೆ ಲೋಕಕ್ಕೆ ತಿಳಿದದ್ದೇ. ನೀರನ್ನು ಸೋಸದೆ ಕುಡಿಯುವುದಿಲ್ಲ; ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ; ನೆಲದೊಳಗೆ ಬೆಳೆಯುವ ಗೆಡ್ಡೆಯನ್ನು ಅನೇಕರು ಮುಟ್ಟುವುದಿಲ್ಲ; ಧಾನ್ಯವನ್ನು ಹಸನು ಮಾಡುವಾಗ ಹುಳುವೊಂದು ಸಿಕ್ಕರೆ ಅದನ್ನು ಮೆಲ್ಲನೆ ಎತ್ತಿ ಹೊರಗೆ ಬಿಡುತ್ತಾರೆ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂಬ ಈ ನಡತೆ ಸಾವಿರಾರು ವರ್ಷಗಳ ಸಾಧನೆಯ ಫಲ. ಆದರೆ ಅದೇ ಮನೆಯ ಹಿತ್ತಲ ಬಾಗಿಲಲ್ಲಿ ಪಾತ್ರೆ ತೊಳೆಯಲು ಬಂದ ಹೆಂಗಸಿಗೆ ಕೇಳಿಸುವ ಮಾತು ಯಾವ ಬಟ್ಟೆಯಲ್ಲಿ ಸೋಸಿ ಬಂದದ್ದು? ನೀರಿಗೆ ಇರುವ ಶೋಧನೆ ನುಡಿಗೆ ಇಲ್ಲದೆ ಹೋದರೆ, ಎರಡನೆಯದರಲ್ಲಿ ಸಾಯುವ ಜೀವ ಯಾವುದು ಎಂದು ಶ್ರಾವಕನು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಶಾಸ್ತ್ರಗಳು ಆ ಶೋಧನೆಯನ್ನು ಹೇಳದೆ ಬಿಟ್ಟಿಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಎರಡನೆಯದು ಭಾಷಾ ಸಮಿತಿ. ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ನುಡಿಯುವುದು ಅದರ ತಿರುಳು. ಮೂರು ಗುಪ್ತಿಗಳಲ್ಲಿ ವಚನ ಗುಪ್ತಿಗೆ ಸ್ಥಾನವಿದೆ. ಗೃಹಸ್ಥನಿಗೆ ಸತ್ಯಾಣುವ್ರತವಿದೆ. ಇಲ್ಲಿ ಸತ್ಯವೆಂದರೆ ಕಂಡದ್ದನ್ನು ಕಂಡಂತೆ ಹೇಳುವುದಷ್ಟೇ ಅಲ್ಲ. ಆಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಸತ್ಯದ ಬಗೆಗಳನ್ನು ವಿಂಗಡಿಸುವಾಗ ಚಾಡಿ, ಕಟುನುಡಿ, ಭಯ ಹುಟ್ಟಿಸುವ ಮಾತು, ಶೋಕ ತರುವ ಮಾತು, ಇವನ್ನೂ ಅಸತ್ಯದೊಳಗೇ ಸೇರಿಸಿದ್ದಾರೆ. ಅಂದರೆ, ಒಬ್ಬನನ್ನು ನೋಯಿಸಲೆಂದೇ ಆಡಿದ ಮಾತು ಸಂಗತಿಯ ಮಟ್ಟಿಗೆ ನಿಜವಾಗಿದ್ದರೂ ವ್ರತದ ಲೆಕ್ಕದಲ್ಲಿ ಸುಳ್ಳೇ. ‘ಇದ್ದದ್ದನ್ನು ಇದ್ದ ಹಾಗೆ ಹೇಳಿದೆ’ ಎಂಬ ಜಂಬಕ್ಕೆ ಅಲ್ಲಿ ಜಾಗವಿಲ್ಲ.

ಇನ್ನು ಗೋತ್ರದ ವಿಚಾರ. ಎಂಟು ಕರ್ಮಗಳಲ್ಲಿ ಏಳನೆಯದು ಗೋತ್ರ ಕರ್ಮ. ಅದು ಉಚ್ಚವೆಂದೂ ನೀಚವೆಂದೂ ಎರಡು ಬಗೆ. ಈ ಮಾತನ್ನು ಕೇಳಿದ ಕೂಡಲೇ ಹಲವರು ‘ನೋಡಿ, ಮೇಲು ಕೀಳು ಹುಟ್ಟಿನಿಂದಲೇ ಎಂದು ಧರ್ಮವೇ ಹೇಳುತ್ತದೆ’ ಎಂದು ಮಾತು ಮುಗಿಸಿಬಿಡುತ್ತಾರೆ. ಅವರು ಮುಂದಿನ ಪುಟ ತಿರುವಿ ನೋಡಬೇಕು. ಉಮಾಸ್ವಾಮಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿ ಯಾವ ನಡತೆಯಿಂದ ಯಾವ ಕರ್ಮ ಒಳಹರಿದು ಬರುತ್ತದೆಂದು ಒಂದೊಂದಾಗಿ ಹೇಳುತ್ತಾರೆ. ನೀಚ ಗೋತ್ರಕ್ಕೆ ಅವರು ಕೊಡುವ ಕಾರಣಗಳು ನಾಲ್ಕು: ಪರರನ್ನು ನಿಂದಿಸುವುದು, ತನ್ನನ್ನು ಹೊಗಳಿಕೊಳ್ಳುವುದು, ಪರರಲ್ಲಿ ಇರುವ ಗುಣವನ್ನು ಮುಚ್ಚುವುದು, ತನ್ನಲ್ಲಿ ಇಲ್ಲದ ಗುಣವನ್ನು ಸಾರಿಕೊಳ್ಳುವುದು. ನಾಲ್ಕೂ ನಾಲಿಗೆಯ ಕೆಲಸಗಳೇ. ಉಚ್ಚ ಗೋತ್ರಕ್ಕೆ ಕಾರಣ ಇದಕ್ಕೆ ವಿರುದ್ಧವಾದ ನಡೆ. ಜೊತೆಗೆ ಗುಣವಂತರೆದುರು ಬಾಗುವ ವಿನಯ ಮತ್ತು ತನ್ನಲ್ಲಿ ಹಿರಿಮೆಯಿದ್ದರೂ ಉಬ್ಬದಿರುವ ಗುಣ.

ಈ ಸೂತ್ರವನ್ನು ತೋಟದ ಅಂಗಳಕ್ಕೆ ತಂದು ನೋಡಿದರೆ ಅದರ ಹರಿತ ತಿಳಿಯುತ್ತದೆ. ನಲವತ್ತು ವರ್ಷ ಮರ ಏರಿ ಇಳಿದವನಿಗೆ ಯಾವ ಗೊನೆ ಬಲಿತಿದೆ, ಯಾವುದು ಇನ್ನೂ ಎಂಟು ದಿನ ಕಾಯಬೇಕು ಎಂಬುದು ನೆಲದಿಂದಲೇ ಕಾಣುತ್ತದೆ. ಆ ಜ್ಞಾನ ಗುಣವಲ್ಲವೇ? ಅದನ್ನು ‘ಅವನಿಗೇನು ಗೊತ್ತು’ ಎಂದು ತಳ್ಳಿಹಾಕುವುದು ಇರುವ ಗುಣವನ್ನು ಮುಚ್ಚುವ ಕೆಲಸ. ಮಳೆ ಚೆನ್ನಾಗಿ ಬಂದು, ದರ ಏರಿ, ಹಣ ಕೈಸೇರಿದಾಗ ಎಲ್ಲವೂ ತನ್ನ ಬುದ್ಧಿಯಿಂದಾಯಿತೆಂದು ಕಟ್ಟೆಯ ಮೇಲೆ ಕುಳಿತು ಹೇಳುವುದು ಇಲ್ಲದ ಗುಣವನ್ನು ಸಾರಿಕೊಳ್ಳುವ ಕೆಲಸ. ಶಾಸ್ತ್ರದ ಮಾತನ್ನು ನಂಬುವುದಾದರೆ, ಆ ಕಟ್ಟೆಯ ಮೇಲೆ ನೀಚ ಗೋತ್ರವನ್ನು ಕಟ್ಟಿಕೊಳ್ಳುತ್ತಿರುವವರು ಕೆಳಗೆ ನಿಂತವರಲ್ಲ, ಮೇಲೆ ಕುಳಿತವರು.

ಹಿರಿಯರು ಗೋತ್ರ ಕರ್ಮವನ್ನು ಕುಂಬಾರನಿಗೆ ಹೋಲಿಸಿದ್ದಾರೆ. ಮಣ್ಣು ಒಂದೇ, ತಿಗರಿ ಒಂದೇ. ಒಂದು ಮಡಕೆಗೆ ತುಪ್ಪ ತುಂಬುತ್ತಾರೆ, ಇನ್ನೊಂದಕ್ಕೆ ಹೆಂಡ ತುಂಬುತ್ತಾರೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಕರ್ಮಕಾಂಡದಲ್ಲಿ ಇನ್ನೂ ಬಿಚ್ಚಿ ಹೇಳುತ್ತಾರೆ. ಸಂತಾನಕ್ರಮದಲ್ಲಿ ಸಾಗಿ ಬಂದ ಆಚರಣೆಗೇ ಗೋತ್ರವೆಂದು ಹೆಸರು; ಆಚರಣೆ ಉಚ್ಚವಾದರೆ ಗೋತ್ರ ಉಚ್ಚ, ಆಚರಣೆ ನೀಚವಾದರೆ ಗೋತ್ರ ನೀಚ ಎಂಬುದು ಅವರ ಅಭಿಪ್ರಾಯದ ಸಾರ.

ಸಂತಾನಕ್ರಮದಲ್ಲಿ ಸಾಗಿ ಬರುವುದು ಆಚರಣೆ ಎಂಬ ಮಾತನ್ನು ಪ್ರತಿ ಮನೆಯೂ ನಿಂತು ಕೇಳಬೇಕು. ಮಗನಿಗೆ ತೋಟ ಹೋಗುವುದು ಪತ್ರದ ಮೂಲಕ. ಅದಕ್ಕೆ ಸಾಕ್ಷಿ ಬೇಕು, ಮುದ್ರೆ ಬೇಕು, ಕಚೇರಿ ಬೇಕು. ನಾಲಿಗೆ ಹೋಗುವುದಕ್ಕೆ ಇದಾವುದೂ ಬೇಕಿಲ್ಲ. ಹತ್ತು ವರ್ಷದ ಹುಡುಗನಿಗೆ ಮುದುಕನನ್ನು ‘ಬಾರೋ’ ಎನ್ನಲು ಯಾರೂ ಪಾಠ ಹೇಳಿಕೊಟ್ಟಿರುವುದಿಲ್ಲ. ತಂದೆ ಕರೆದದ್ದನ್ನು ಕೇಳಿದ್ದಾನೆ, ತಂದೆ ಅವರ ತಂದೆಯಿಂದ ಕೇಳಿದ್ದರು. ಇದೇ ಹುಡುಗ ಶಾಲೆಯಲ್ಲಿ ಏಕವಚನ ಬಹುವಚನಗಳ ಪ್ರಶ್ನೆಗೆ ತಪ್ಪಿಲ್ಲದೆ ಉತ್ತರ ಬರೆಯುತ್ತಾನೆ. ಹಿರಿಯರಿಗೆ ಗೌರವಾರ್ಥವಾಗಿ ಬಹುವಚನವನ್ನು ಬಳಸಬೇಕೆಂಬ ನಿಯಮವೂ ಅವನಿಗೆ ಬಾಯಿಪಾಠ. ಯಾರು ಹಿರಿಯರು ಎಂಬುದನ್ನು ಮಾತ್ರ ಪುಸ್ತಕ ಕಲಿಸಲಿಲ್ಲ, ಮನೆ ಕಲಿಸಿತು.

ಚಿತ್ರದುರ್ಗ ಸೀಮೆಯಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರು ಮನೆಮನೆಯದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಮಕ್ಕಳಿಗೆ ಆ ಹೆಸರನ್ನು ಇಡುವವರಲ್ಲಿ ಸಿರಿವಂತರೂ ಇದ್ದಾರೆ, ಕೂಲಿಯವರೂ ಇದ್ದಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹೆಸರುಗಳೆಲ್ಲ ಒಂದೇ ಅಳತೆಯವು. ಅಕ್ಷರ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಶಾಲೆ ಬಿಟ್ಟು ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಒಬ್ಬನು ತಿಪ್ಪೇಸ್ವಾಮಿಯವರಾಗಿರುತ್ತಾನೆ, ಇನ್ನೊಬ್ಬನು ತಿಪ್ಪನಾಗಿರುತ್ತಾನೆ. ಹೆತ್ತವರು ದೇವರ ಹೆಸರೆಂದು ಇಟ್ಟದ್ದನ್ನು ಊರು ಕತ್ತರಿಸಿ ಇಟ್ಟುಕೊಂಡಿತು. ಅನೇಕ ಬಡವರಿಗೆ ಅವರ ಪೂರ್ಣ ಹೆಸರಿನಿಂದ ಕರೆಯುವ ಸ್ಥಳ ಆ ಹಾಜರಿ ಪುಸ್ತಕ ಬಿಟ್ಟರೆ ಪಡಿತರ ಚೀಟಿ, ಮತದಾರರ ಪಟ್ಟಿ ಇಷ್ಟೇ.

ಶ್ವೇತಾಂಬರ ಪರಂಪರೆಯ ‘ದಶವೈಕಾಲಿಕ ಸೂತ್ರ’ದ ಏಳನೆಯ ಅಧ್ಯಯನಕ್ಕೆ ವಾಕ್ಯಶುದ್ಧಿ ಎಂದು ಹೆಸರು. ಮುನಿಯು ಹೇಗೆ ಮಾತನಾಡಬೇಕೆಂಬ ವಿವರ ಅಲ್ಲಿದೆ. ಒಕ್ಕಣ್ಣನನ್ನು ಒಕ್ಕಣ್ಣನೆಂದು, ರೋಗಿಯನ್ನು ರೋಗಿಯೆಂದು ಕರೆಯಬಾರದು. ಹೆಣ್ಣಾಗಲಿ ಗಂಡಾಗಲಿ, ಹೀನಾರ್ಥದ ಸಂಬೋಧನೆ ಕೂಡದು. ಅವರವರ ಹೆಸರಿನಿಂದಲೋ ಗೋತ್ರದಿಂದಲೋ ಯಥೋಚಿತವಾಗಿ ಕರೆಯಬೇಕು ಎಂಬುದು ಅದರ ಆದೇಶ. ಎಲ್ಲವನ್ನೂ ತ್ಯಜಿಸಿದ ಮುನಿಗೂ ಕರೆಯುವ ಕ್ರಮವನ್ನು ಇಷ್ಟು ವಿವರವಾಗಿ ವಿಧಿಸಿದ್ದಾರೆಂದರೆ, ದಿನಕ್ಕೆ ನೂರು ಜನರನ್ನು ಕರೆಯಬೇಕಾದ ಗೃಹಸ್ಥನಿಗೆ ಅದು ಎಷ್ಟು ಅಗತ್ಯವೆಂದು ಬೇರೆ ಹೇಳಬೇಕಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಾಗಬಾರದು. ಏಕವಚನವೇ ದೋಷವಲ್ಲ. ಕನ್ನಡಿಗನು ತಾಯಿಯನ್ನು ಏಕವಚನದಲ್ಲಿ ಕರೆಯುತ್ತಾನೆ, ದೇವರನ್ನು ಕರೆಯುತ್ತಾನೆ. ಊರ ದ್ಯಾಮವ್ವನ ಮುಂದೆ ನಿಂತ ಭಕ್ತೆ ‘ಕಾಪಾಡೇ ತಾಯಿ’ ಎನ್ನುವಾಗ ಅದರಲ್ಲಿ ಅಗೌರವದ ಸೋಂಕಿಲ್ಲ. ಜೊತೆಗೆ ಬೆಳೆದ ಗೆಳೆಯರು ಮುಪ್ಪಿನಲ್ಲಿಯೂ ‘ಏನೋ’ ಎಂದೇ ಮಾತನಾಡಿಸಿಕೊಳ್ಳುತ್ತಾರೆ. ಅದೇ ಹುಡುಗ ಅದೇ ಮುದುಕನಿಗೆ ‘ಅಜ್ಜಾ, ಇಲ್ಲಿ ಬಾ’ ಎಂದಿದ್ದರೂ ವ್ಯಾಕರಣದ ಲೆಕ್ಕಕ್ಕೆ ಅದು ಏಕವಚನವೇ. ಆದರೆ ಅದರಲ್ಲಿ ನಂಟಿದೆ, ವಯಸ್ಸಿಗೆ ಮನ್ನಣೆಯಿದೆ. ಹಾಗಾದರೆ ದೋಷವಿರುವುದು ಎಲ್ಲಿ? ಹಿಂದಿರುಗಿ ಬರಲಾರದ ಏಕವಚನದಲ್ಲಿ. ಆಡಿದ ಮಾತನ್ನು ಅದೇ ದನಿಯಲ್ಲಿ ಮರಳಿಸುವ ಸ್ವಾತಂತ್ರ್ಯ ಕೇಳಿದವನಿಗೆ ಇದೆಯೇ ಎಂಬುದೊಂದೇ ಅದರ ಪರೀಕ್ಷೆ. ತಾಯಿ ಮರಳಿಸಬಲ್ಲಳು, ಗೆಳೆಯ ಮರಳಿಸಬಲ್ಲನು. ಹೊರೆ ಇಳಿಸಿ ನಿಂತ ಆಳು ಮರಳಿಸಲಾರನು. ಮರಳಿಸಿದರೆ ನಾಳೆ ಕೆಲಸವಿಲ್ಲ.

ಕನ್ನಡದ ಆದಿಕವಿ, ಜೈನ ಮಹಾಕವಿ ಪಂಪ ಹತ್ತನೆಯ ಶತಮಾನದಲ್ಲಿಯೇ ಈ ಗಾಯವನ್ನು ಕಂಡಿದ್ದನು. ‘ವಿಕ್ರಮಾರ್ಜುನ ವಿಜಯ’ದಲ್ಲಿ ದುರ್ಯೋಧನನು ಭೀಷ್ಮರಿಗೆ ಸೇನಾಪತಿಯ ಪಟ್ಟ ಕಟ್ಟಿದಾಗ ಕರ್ಣನು ಅವರ ಮುಪ್ಪನ್ನು ಹಳಿದು ಮಾತನಾಡುತ್ತಾನೆ. ಕೆರಳಿದ ದ್ರೋಣರು, ಕರ್ಣನ ನಾಲಿಗೆಯೇ ಅವನ ಕುಲವನ್ನು ಹೊರಗೆಡಹಿತೆಂಬ ಅರ್ಥದ ಮಾತನ್ನು ತುಂಬಿದ ಸಭೆಯಲ್ಲಿ ಆಡುತ್ತಾರೆ. ಕರ್ಣನ ಉತ್ತರ ಕನ್ನಡ ನಾಡಿಗೆ ಚಿರಪರಿಚಿತ: ಹುಟ್ಟನ್ನು ಮುಂದಿಡುವುದೇಕೆ, ಛಲ, ಗುಣ, ಅಭಿಮಾನ, ಪರಾಕ್ರಮಗಳನ್ನು ಬಿಟ್ಟರೆ ಬೇರೆ ಕುಲವೆಲ್ಲಿದೆ ಎಂಬುದು ಅವನ ವಾದ.

ಈ ಪ್ರಸಂಗವನ್ನು ಓದುವವರು ಸಾಮಾನ್ಯವಾಗಿ ಕರ್ಣನ ಪಕ್ಷ ವಹಿಸಿ ಮುಂದೆ ಸಾಗುತ್ತಾರೆ. ತುಸು ನಿಂತು ನೋಡಿದರೆ ಇಬ್ಬರ ತಪ್ಪೂ ಕಾಣುತ್ತದೆ. ಹಿರಿಯರ ಮುಪ್ಪನ್ನು ಅಣಕಿಸಿದ್ದು ಕರ್ಣನ ತಪ್ಪು. ಆದರೆ ಆ ತಪ್ಪನ್ನು ತಪ್ಪೆಂದು ತಿದ್ದದೆ, ಅದರ ಬೇರು ಅವನ ಹುಟ್ಟಿನಲ್ಲಿದೆಯೆಂದು ಹೇಳಿದ್ದು ಗುರುವಾದವರ ತಪ್ಪು. ಅದು ಇನ್ನೂ ದೊಡ್ಡದು. ಒಡೆಯರ ಮನೆಯ ಹುಡುಗ ಒರಟಾಗಿ ಮಾತನಾಡಿದರೆ ‘ಸಿಟ್ಟಿನ ಸ್ವಭಾವ’ ಎನ್ನುವ ಊರು, ಆಳಿನ ಮಗ ಅದೇ ಮಾತನ್ನಾಡಿದರೆ ‘ಅವರ ಜನವೇ ಹಾಗೆ’ ಎನ್ನುತ್ತದೆ. ದ್ರೋಣರ ದನಿ ಇಂದಿಗೂ ಅಡಗಿಲ್ಲ. ಪಂಪ ಕತೆಯನ್ನು ಅಲ್ಲಿಗೆ ಬಿಡಲಿಲ್ಲ. ಮುಂದೆ ತಾನೇ ಸೇನಾಪತಿಯಾಗಿ ರಣಕ್ಕೆ ಹೊರಡುವ ಮುನ್ನ ಕರ್ಣನು ಶರಶಯ್ಯೆಯಲ್ಲಿ ಮಲಗಿದ್ದ ಭೀಷ್ಮರ ಬಳಿಗೆ ಹೋಗಿ, ಅಂದು ಸಿಟ್ಟಿನಲ್ಲಿ ನೋಯಿಸಿ ನುಡಿದದ್ದನ್ನು ಮರೆಯಬೇಕೆಂದು ಬೇಡಿಕೊಳ್ಳುತ್ತಾನೆ. ಅಭಿಮಾನವೇ ಕುಲವೆಂದವನು ಕ್ಷಮೆ ಕೇಳಿದರೆ ಅಭಿಮಾನ ಕುಂದಲಿಲ್ಲ, ಬೆಳೆಯಿತು. ನಾಲಿಗೆ ಕುಲವನ್ನು ಹೊರಗೆಡಹುವುದಿಲ್ಲ, ಕುಲವನ್ನು ಕಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು.

ಕಾವ್ಯದ ಮಾತು ಕಾವ್ಯಕ್ಕಾಯಿತು, ಆಳುವವರಿಗೆ ಇದು ಸಲ್ಲುತ್ತದೆಯೇ ಎಂದು ಕೇಳುವವರು ಚಿತ್ರದುರ್ಗ ಜಿಲ್ಲೆಯೊಳಗೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ರಾಜಾಜ್ಞೆ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದದ್ದು. ಅದು ಆಜ್ಞೆಯಿಂದ ಆರಂಭವಾಗುವುದಿಲ್ಲ; ಇಸಿಲದ ಅಧಿಕಾರಿಗಳ ಆರೋಗ್ಯವನ್ನು ಮೊದಲು ವಿಚಾರಿಸಬೇಕೆಂದು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತದೆ. ಧರ್ಮದ ಪ್ರಯತ್ನ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಸಾಧ್ಯ ಎನ್ನುತ್ತದೆ. ತಾಯಿ ತಂದೆಯರ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಾದ ಮಾತು, ಗುರುವಿಗೆ ಶಿಷ್ಯನ ಗೌರವ, ಬಂಧುಗಳೊಡನೆ ತಕ್ಕ ನಡತೆ, ಇವನ್ನು ಹೇಳಿ, ಇದು ಪುರಾತನವಾದ ರೀತಿ ಎಂದು ಮುಗಿಸುತ್ತದೆ. ಸಾಮ್ರಾಜ್ಯವನ್ನಾಳುವವನ ಹೆಸರಿನಲ್ಲಿ ಬಂದ ಆಜ್ಞೆಯೂ ಕೈಕೆಳಗಿನವರ ಕುಶಲವನ್ನು ಕೇಳಿ ಮಾತು ತೆಗೆಯಿತು. ನಾಲ್ಕು ಎಕರೆಯ ಒಡೆಯನಿಗೆ ಅಷ್ಟು ಪುರುಸೊತ್ತು ಇಲ್ಲವೆಂದರೆ ನಂಬುವುದು ಹೇಗೆ?

ಅಶೋಕ ಬೌದ್ಧನಾಗಿದ್ದನು. ಆದರೆ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ಭಾಗಶಃ ದೊರೆತಿರುವ ಅವನ ಹನ್ನೆರಡನೆಯ ಶಿಲಾಶಾಸನ ಮಾತಿನ ಸಂಯಮವನ್ನು ಧರ್ಮದ ಮೂಲವೆಂದು ಕರೆದು, ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ಹಳಿಯಬಾರದೆನ್ನುತ್ತದೆ. ಉಮಾಸ್ವಾಮಿಗಳು ನೀಚ ಗೋತ್ರಕ್ಕೆ ಹೇಳಿದ ಮೊದಲ ಎರಡು ಕಾರಣಗಳೂ ಇವೇ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಒಬ್ಬರನ್ನೊಬ್ಬರು ಕರೆಯುವ ಮಾತಿನಲ್ಲಿಯೇ ಸ್ವರ್ಗ ನರಕಗಳನ್ನು ಕಂಡರು. ದಾರಿಗಳು ಬೇರೆಯಾದರೂ ಈ ನೆಲದಲ್ಲಿ ನಡೆದವರೆಲ್ಲ ನಾಲಿಗೆಯ ಬಳಿ ಬಂದು ಒಮ್ಮೆ ನಿಂತಿದ್ದಾರೆ.

ಗೌರವ ಕೊಟ್ಟರೆ ತನ್ನ ಮರ್ಯಾದೆ ಕಡಿಮೆಯಾಗುತ್ತದೆಂಬ ಭಯ ಅನೇಕರಲ್ಲಿದೆ. ‘ಇವತ್ತು ಬನ್ನಿ ಎಂದರೆ ನಾಳೆ ಹೆಗಲ ಮೇಲೆ ಕೂರುತ್ತಾರೆ’ ಎಂಬ ಮಾತು ಕಟ್ಟೆಗಳಲ್ಲಿ ಕೇಳಿಬರುತ್ತದೆ. ಈ ಭಯಕ್ಕೆ ಶಾಸ್ತ್ರದಲ್ಲಿ ಸ್ವಾಭಿಮಾನವೆಂಬ ಹೆಸರಿಲ್ಲ; ಮಾನ ಕಷಾಯವೆಂಬ ಹೆಸರಿದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಜ್ಞಾನ, ಪೂಜೆ, ಕುಲ, ಜಾತಿ, ಬಲ, ಸಂಪತ್ತು, ತಪಸ್ಸು, ರೂಪ ಎಂಬ ಎಂಟನ್ನು ಆಶ್ರಯಿಸಿ ಬರುವ ಮದವನ್ನು ಹೇಳಿ, ಅದು ಸಮ್ಯಗ್ದರ್ಶನಕ್ಕೆ ಕಳಂಕವೆಂದು ಎಚ್ಚರಿಸುತ್ತಾರೆ. ಅದೇ ಗ್ರಂಥದಲ್ಲಿ, ಸಮ್ಯಗ್ದರ್ಶನವುಳ್ಳವನು ಚಾಂಡಾಲ ಕುಲದಲ್ಲಿ ಹುಟ್ಟಿದ್ದರೂ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ಬೆಳಗುವ ದೇವನೇ ಎಂಬ ಭಾವದ ಮಾತೂ ಇದೆ. ಹಾಗಿರುವಾಗ ಯಾರ ಒಳಗೆ ಯಾವ ಕೆಂಡವಿದೆಯೆಂದು ತಿಳಿಯದೆ, ಮೇಲಿನ ಬೂದಿಯನ್ನಷ್ಟೇ ಕಂಡು ‘ಏಯ್’ ಎನ್ನುವ ಅಧಿಕಾರ ಯಾರಿಗಿದೆ?

ಸ್ವಾಭಿಮಾನ ಮತ್ತು ಮಾನ ಕಷಾಯಗಳ ನಡುವಿನ ಗೆರೆ ಸರಳವಾದದ್ದು. ಮಾನಕ್ಕೆ ತನ್ನ ಕೆಳಗೆ ಯಾರಾದರೂ ಇರಲೇಬೇಕು. ಇಲ್ಲದಿದ್ದರೆ ಅದು ನಿಲ್ಲಲಾರದು. ಸ್ವಾಭಿಮಾನಕ್ಕೆ ಯಾರ ತಲೆಯೂ ಮೆಟ್ಟಿಲಾಗಬೇಕಿಲ್ಲ. ಹಾಗೆಯೇ ವಿನಯ ಮತ್ತು ದೈನ್ಯಗಳೂ ಬೇರೆ ಬೇರೆ. ವಿನಯವು ಆರು ಆಭ್ಯಂತರ ತಪಸ್ಸುಗಳಲ್ಲಿ ಒಂದು. ಅದರ ನಾಲ್ಕು ಬಗೆಗಳಲ್ಲಿ ಉಪಚಾರ ವಿನಯವೂ ಸೇರಿದೆ. ಎದ್ದು ನಿಲ್ಲುವುದು, ಎದುರುಗೊಳ್ಳುವುದು, ಕೈಮುಗಿಯುವುದು ತಪಸ್ಸಿನ ಲೆಕ್ಕಕ್ಕೆ ಬರುತ್ತವೆ. ಆದರೆ ಅದು ತಪಸ್ಸಾಗುವುದು ಗುಣವನ್ನು ಕಂಡು ತಾನಾಗಿ ಬಾಗಿದಾಗ. ಕೂಲಿ ತಪ್ಪೀತೆಂಬ ಭಯದಿಂದ ಬಾಗಿದ ಬೆನ್ನಿನಲ್ಲಿ ತಪಸ್ಸಿಲ್ಲ. ಬಾಗಿಸಿದವನಿಗೆ ಮಾತ್ರ ಪಾಪವಿದೆ.

ಆ ಬೆನ್ನಿಗೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಹಗಲೆಲ್ಲ ‘ಏಯ್’ ಎಂಬ ಕರೆಗೆ ಓಗೊಟ್ಟವನು ಸಂಜೆ ಮನೆಗೆ ಹೋಗಿ ಹೆಂಡತಿಯ ಮೇಲೆ ಅದೇ ದನಿ ಎತ್ತುತ್ತಾನೆ. ಅವಳು ಮಗಳ ಮೇಲೆ. ಮಗಳು ಕಟ್ಟಿಹಾಕಿದ ನಾಯಿಯ ಮೇಲೆ. ತಿರಸ್ಕಾರ ಇಳಿಜಾರಿನಲ್ಲಿ ಹರಿಯುವ ನೀರಿನಂತೆ. ಎಲ್ಲರಿಗಿಂತ ತಗ್ಗಿನಲ್ಲಿ ಇರುವವರ ಅಂಗಳದಲ್ಲಿ ನಿಲ್ಲುತ್ತದೆ. ದೊಡ್ಡ ಮನೆಗಳೂ ಇದಕ್ಕೆ ಹೊರತಲ್ಲ. ಗಂಡನಿಗೆ ‘ರೀ’ ಎನ್ನುವ ಹೆಂಡತಿಗೆ ಗಂಡನಿಂದ ಮರಳುವುದು ‘ಏ’ ಎಂಬ ಕರೆಯೇ ಆದರೆ, ಅದೂ ಹಿಂದಿರುಗಿ ಬರಲಾರದ ಏಕವಚನವೇ. ಒಡೆಯರ ಮನೆಯ ಹುಡುಗ ತೋಟಕ್ಕೆ ಬರುವ ಮೊದಲೇ ಅಡುಗೆಮನೆಯಲ್ಲಿ ಈ ಪಾಠವನ್ನು ಕಲಿತಿರುತ್ತಾನೆ.

ಈಚೆಗೆ ಇನ್ನೊಂದು ಬಗೆಯ ಮೇಲುಕೀಳು ಬೆಳೆದಿದೆ. ‘ಸಾರಿ’, ‘ಥ್ಯಾಂಕ್ಯೂ’ಗಳನ್ನು ತಪ್ಪದೆ ಹೇಳುವುದೇ ಸಂಸ್ಕಾರ, ಹಳ್ಳಿಯ ಒರಟು ಕನ್ನಡ ಅಸಂಸ್ಕೃತಿ ಎಂಬ ಭಾವನೆ ಪೇಟೆಯಲ್ಲಿ ಓದಿ ಬಂದವರಲ್ಲಿ ಕಾಣುತ್ತದೆ. ದೊಡ್ಡ ಹೋಟೆಲಿನಲ್ಲಿ ಗೆಳೆಯರ ಎದುರು ನಯವಾಗಿ ಮಾತನಾಡುವವನು ತಾನಿರುವ ವಸತಿ ಸಮುಚ್ಚಯದ ಕಾವಲುಗಾರನ ಹೆಸರನ್ನು ಐದು ವರ್ಷವಾದರೂ ಕೇಳಿರುವುದಿಲ್ಲ. ‘ಸೆಕ್ಯುರಿಟಿ’ ಎಂದರೆ ಮುಗಿಯಿತು. ಇತ್ತ ಹಿರೇಗುಂಟನೂರಿನ ಹಾದಿಯಲ್ಲಿ ಅಪರಿಚಿತನನ್ನು ಕಂಡ ಅಜ್ಜಿ ‘ಯಾವೂರಪ್ಪಾ, ಉಂಡಿದೀಯಾ?’ ಎಂದು ಕೇಳುತ್ತಾಳೆ. ಅವಳ ಮಾತಿನಲ್ಲಿ ನಯವಿಲ್ಲದಿರಬಹುದು, ಬಂದವನ ಹಸಿವಿನ ವಿಚಾರಣೆಯಿದೆ. ಮಾತಿನ ಹೊಳಪು ಬೇರೆ, ಮಾತಿನ ಮರ್ಯಾದೆ ಬೇರೆ. ಹೊಳಪನ್ನು ಮುಂದಿಟ್ಟುಕೊಂಡು ಇನ್ನೊಬ್ಬರ ನುಡಿಯನ್ನು ಕೀಳೆನ್ನುವವನು ಹಳೆಯ ಮದಕ್ಕೆ ಹೊಸ ಅಂಗಿ ತೊಡಿಸಿದ್ದಾನೆ, ಅಷ್ಟೇ.

ಸವಿಮಾತು ನ್ಯಾಯದ ಬದಲಿಗೆ ಸಲ್ಲುವ ನಾಣ್ಯವೂ ಅಲ್ಲ. ‘ಅಣ್ಣಾ, ಅಕ್ಕಾ’ ಎಂದು ಕರೆದು ಕೂಲಿಯಲ್ಲಿ ಕಡಿತ ಮಾಡುವವನ ನಾಲಿಗೆಯಲ್ಲಿರುವುದು ವಿನಯವಲ್ಲ, ಮಾಯಾ ಕಷಾಯ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಯಾದ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು ಎಂಬ ಎರಡು ಸೇರಿವೆ. ಹೊತ್ತಿಗೆ ಸರಿಯಾದ ಊಟ, ದುಡಿಮೆಗೆ ತಕ್ಕ ಕೂಲಿ, ಬೆನ್ನು ತಾಳುವಷ್ಟೇ ಹೊರೆ, ಇವು ಮೊದಲು. ಮರ್ಯಾದೆಯ ಮಾತು ಅವುಗಳ ಜೊತೆಗೆ. ಒಂದನ್ನು ಕೊಟ್ಟು ಇನ್ನೊಂದನ್ನು ಹಿಡಿದಿಟ್ಟರೆ ವ್ರತ ಅರ್ಧಕ್ಕೆ ನಿಲ್ಲುತ್ತದೆ.

ಕಾನೂನು ತನ್ನ ಕೆಲಸವನ್ನು ಮಾಡಿದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಪೀಠಿಕೆಯಲ್ಲಿಯೇ ವ್ಯಕ್ತಿಯ ಘನತೆಯನ್ನು ಎತ್ತಿ ಹಿಡಿಯಿತು. ಹದಿನೇಳನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಪರಿಶಿಷ್ಟ ಜಾತಿ, ಪಂಗಡಗಳವರನ್ನು ಸಾರ್ವಜನಿಕವಾಗಿ ಅವಮಾನಿಸುವುದು 1989ರ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ. ಹೋಟೆಲಿನ ಎರಡನೆಯ ಲೋಟವನ್ನು ಕಾನೂನು ಎತ್ತಿ ಎಸೆಯಬಲ್ಲದು. ಲೋಟ ಒಂದಾದ ಮೇಲೂ ಎರಡಾಗಿಯೇ ಉಳಿದಿರುವ ಮಾತನ್ನು ಒಂದು ಮಾಡುವುದು ಪೊಲೀಸರಿಂದ ಆಗುವ ಕೆಲಸವಲ್ಲ. ಅದು ಮನೆಯ ಕೆಲಸ, ವ್ರತದ ಕೆಲಸ.

ವ್ರತಕ್ಕೆ ಕಾಲವನ್ನು ಹುಡುಕಬೇಕಿಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಮೊದಲ ದಿನ ಉತ್ತಮ ಕ್ಷಮಾ, ಎರಡನೆಯ ದಿನ ಉತ್ತಮ ಮಾರ್ದವ. ಮಾರ್ದವವೆಂದರೆ ಮೃದುತನ, ಮಾನದ ಗಡಸು ಕರಗುವುದು. ಉಪವಾಸ ಮಾಡಲಾಗದವರೂ ಒಂದು ನಿಯಮ ಹಿಡಿಯಬಹುದು: ಆ ಹತ್ತು ದಿನ ಮನೆಗೆ, ತೋಟಕ್ಕೆ, ಅಂಗಡಿಗೆ ದುಡಿಯಲು ಬರುವ ಪ್ರತಿಯೊಬ್ಬರನ್ನೂ ಪೂರ್ಣ ಹೆಸರಿನಿಂದಲೋ ವಯಸ್ಸಿಗೆ ತಕ್ಕ ನಂಟಿನ ಮಾತಿನಿಂದಲೋ ಕರೆಯುವುದು, ಕೆಲಸ ಹೇಳುವ ಮುನ್ನ ಕುಶಲ ಕೇಳುವುದು. ಬಸದಿಯಲ್ಲಿ ಮುನಿಗಳಿಗೆ ನಮೋಸ್ತು, ಆರ್ಯಿಕೆಯರಿಗೆ ವಂದಾಮಿ, ಕ್ಷುಲ್ಲಕರಿಗೆ ಇಚ್ಛಾಮಿ ಎಂದು ಯಾರಿಗೆ ಯಾವ ಮಾತು ಸಲ್ಲಬೇಕೆಂಬುದನ್ನು ತಪ್ಪದೆ ನೆನಪಿಟ್ಟುಕೊಂಡ ನಾಲಿಗೆಗೆ ಇದು ಕಷ್ಟವಾಗಲಾರದು. ಹತ್ತು ದಿನದಲ್ಲಿ ರೂಢಿಯಾದದ್ದು ಹನ್ನೊಂದನೆಯ ದಿನ ತಾನಾಗಿ ಬರುತ್ತದೆ.

ಪರ್ವದ ಕೊನೆಗೆ ಕ್ಷಮಾವಣಿ. ವರ್ಷದ ತಪ್ಪುಗಳಿಗೆ ಒಬ್ಬರನ್ನೊಬ್ಬರು ಕ್ಷಮೆ ಬೇಡುವ ಈ ದಿನದಂತಹ ಹಬ್ಬ ಲೋಕದಲ್ಲಿ ಅಪರೂಪ. ಈಗ ಮೊಬೈಲಿನಲ್ಲಿ ಒಂದೇ ಸಂದೇಶ ನೂರು ಮಂದಿಗೆ ಹೋಗುತ್ತದೆ. ಆ ನೂರರಲ್ಲಿ ಹೆಚ್ಚಿನವರು ಸಮಾನರು, ನೆಂಟರು, ವ್ಯಾಪಾರದ ಗೆಳೆಯರು. ವರ್ಷವಿಡೀ ಅವರನ್ನು ನೋಯಿಸಿದ್ದು ಅಲ್ಪ. ಹೆಚ್ಚು ನೊಂದವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಸೇನಾಪತಿಯಾದ ಕರ್ಣನು ಸಂದೇಶ ಕಳುಹಿಸಲಿಲ್ಲ. ತಾನು ನೋಯಿಸಿದವರು ಮಲಗಿದ್ದಲ್ಲಿಗೆ ನಡೆದುಹೋದನು. ಕ್ಷಮಾವಣಿಯ ಬೆಳಿಗ್ಗೆ ಒಡೆಯನೊಬ್ಬನು ಮಗನ ಕೈಹಿಡಿದು ತೋಟದ ಅಂಗಳಕ್ಕೆ ನಡೆದು, ಹೊರೆ ಇಳಿಸುತ್ತಿರುವ ಮುದುಕನ ಮುಂದೆ ಕೈಮುಗಿದು ‘ಅಜ್ಜಾ, ತಪ್ಪು ಮಾತಾಡಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ’ ಎಂದರೆ, ಆ ಮುದುಕನಿಗೆ ಏನು ಹೇಳಬೇಕೆಂದು ತೋಚದೇ ಹೋಗಬಹುದು. ಪಕ್ಕದಲ್ಲಿ ನಿಂತ ಹುಡುಗನಿಗೆ ಮಾತ್ರ ಅಂದು ಕೇಳಿದ ಮಾತು ಮರೆಯುವುದಿಲ್ಲ. ಅವನ ಮಕ್ಕಳಿಗೆ ಸಾಗಿ ಹೋಗುವುದು ಆ ಮಾತು. ಅದೇ ಆ ಮನೆಯ ಗೋತ್ರ.